ಎಲ್ಲರನ್ನೂ ‘ನೀ’ ಅಂದವಳು

ನನ್ನವ್ವ ಕಂಪ್ಲಿಯವಳು. ಅಕ್ಷರ ಬಾರದು. ಸಂಡೂರು ಗುಡ್ಡದ ಗಣಿಯೊಂದರ ಕ್ಯಾಂಟೀನಿನಲ್ಲಿ 22 ವರ್ಷ ರೊಟ್ಟಿ ಬಡಿದು, ಮಂಡಿ ಸವೆದ ಮೇಲೆ ಹೊಸಪೇಟೆಯ ನಮ್ಮ ಮನೆಗೆ ಬಂದು ಕೂತವಳು. ಮ್ಯಾನೇಜರಿಗೂ ಲಾರಿ ಕ್ಲೀನರಿಗೂ ಅವಳ ಬಾಯಲ್ಲಿ ಬರುತ್ತಿದ್ದುದು ‘ನೀ’ ಒಂದೇ. ಯಾರೂ ಅದನ್ನು ಅಮರ್ಯಾದೆ ಅಂದುಕೊಳ್ಳಲಿಲ್ಲ. ಕೆಂಪು ಧೂಳು ಮೆತ್ತಿಕೊಂಡು ಸಾಲಿನಲ್ಲಿ ನಿಂತವನು ತಟ್ಟೆ ಹಿಡಿದ ರೀತಿ ನೋಡಿ, ‘ಇಂವ ಮನಿಯಾಗ ಜಗಳಾಡಿ ಉಣ್ಣದ ಬಂದಾನ’ ಅಂತ ಎರಡು ರೊಟ್ಟಿ ಜಾಸ್ತಿ ಹಾಕುತ್ತಿದ್ದಳಂತೆ. ಅವಳ ಲೆಕ್ಕ ತಪ್ಪುತ್ತಿದ್ದುದು ಕಡಿಮೆ ಎಂದು ಅಲ್ಲಿ ದುಡಿದವರು ಈಗಲೂ ನೆನೆಯುತ್ತಾರೆ.

ಅವ್ವನ ಸುದ್ದಿಯನ್ನು ಮೊದಲೇ ತೆಗೆದೆ. ಯಾಕೆಂದರೆ ನಾನು ಹೇಳಬೇಕೆಂದಿರುವ ಕ್ರೈಸ್ತ ಸಂತೆಯ ಬದುಕು ನನಗೆ ಅರ್ಥವಾಗಿದ್ದು ಅವ್ವನಿಂದಲೇ. ನಾನು ಕ್ರೈಸ್ತಳಲ್ಲ. ಹುಲಿಗೆಮ್ಮನಿಗೆ ನಡೆದುಕೊಳ್ಳುವ ಮನೆತನ ನಮ್ಮದು. ಮಗಳನ್ನು ನರ್ಸಿಂಗ್ ಓದಿಗೆ ಸೇರಿಸಲು ಮಂಗಳೂರಿಗೆ ಹೋದಾಗ ಫೀಸು, ಹಾಸ್ಟೆಲು, ಸಮವಸ್ತ್ರ ಎಲ್ಲ ಮಧ್ಯಾಹ್ನಕ್ಕೇ ಮುಗಿಯಿತು. ರಾತ್ರಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಂಕನಾಡಿಯಲ್ಲಿ ಹೊರಗೆ ಬಾರದ ಸೋದರಿಯರ ಮಠವೊಂದಿದೆ, ಅಲ್ಲಿ ಹಿಂದೆ ಒಬ್ಬ ಸಂತೆ ಅಡುಗೆ ಕೆಲಸ ಮಾಡಿದ್ದಳು ಎಂದು ಮಗಳ ಹಾಸ್ಟೆಲಿನಲ್ಲಿ ಯಾರೋ ಅಂದರು. ಸಂತೆ ಅಂದಿದ್ದರೆ ಹೋಗುತ್ತಿರಲಿಲ್ಲವೇನೋ. ಅಡುಗೆ ಅಂದದ್ದಕ್ಕೆ ಹೋದೆ.

ಅದು ಕಾರ್ಮೆಲ್ ಮಠ. ಏಕಾಂತ ಮಠ, 1870ರಲ್ಲಿ ಮಂಗಳೂರಿನಲ್ಲಿ ಆರಂಭವಾದದ್ದು. ಒಳಗೆ ಸೇರಿದವರು ಪ್ರಾರ್ಥನೆ, ಮೌನ, ಕೈಗೆಲಸದಲ್ಲೇ ಬದುಕು ಕಳೆಯುತ್ತಾರೆ. ಭೇಟಿಯ ಕೋಣೆಯಲ್ಲಿ ಸರಳಿನ ಆಚೆಯಿಂದ ಮಾತಾಡಿದ ಹಿರಿಯ ಸೋದರಿಯನ್ನು ನಾನು ಕೇಳಿದ್ದು ಒಂದೇ: ‘ಆಕೆ ಇಲ್ಲಿ ಎಷ್ಟು ವರ್ಷ ಇದ್ದರು?’

‘ಎರಡು ವರ್ಷವೂ ತುಂಬಲಿಲ್ಲ. ಕಳಿಸಿಬಿಟ್ಟರು’ ಅಂದರು ಆಕೆ.

ಊರಿಗೆ ಬಂದ ಮೇಲೆಯೂ ಆ ‘ಕಳಿಸಿಬಿಟ್ಟರು’ ನನ್ನನ್ನು ಬಿಡಲಿಲ್ಲ. ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದೆ.

ಹೆಸರು ಮರಿಯಂ ಬಾವರ್ದಿ. ಹುಟ್ಟಿದ್ದು 1846ರ ಜನವರಿ 5ರಂದು, ಗಲಿಲೇಯ ಸೀಮೆಯ ಇಬಿಲ್ಲಿನ್ ಎಂಬ ಬೆಟ್ಟದೂರಿನಲ್ಲಿ. ಮನೆಮಾತು ಅರಬ್ಬಿ. ಪೂರ್ವದ ಪದ್ಧತಿಯಂತೆ ಪೂಜೆ ನಡೆಸುವ, ಪೋಪರನ್ನು ಒಪ್ಪಿದ ಮೆಲ್ಕೈಟ್ ಕ್ರೈಸ್ತರ ಕುಟುಂಬ. ಅಪ್ಪ ಗಿರಿಯಸ್ ಕೋವಿಮದ್ದು ತಯಾರಿಸುತ್ತಿದ್ದ. ನಮ್ಮ ಗಣಿಗಳ ಕಡೆ ಮದ್ದಿಗೆ ಬಾರೂದು ಅನ್ನುವವರಿದ್ದಾರಲ್ಲ, ಅದೇ ಅರಬ್ಬಿ ಮಾತಿನಿಂದ ಬಂದ ಮನೆಹೆಸರು ಬಾವರ್ದಿ. ಮರಿಯಂಗೂ ಮೊದಲು ಹುಟ್ಟಿದ 12 ಗಂಡುಮಕ್ಕಳೂ ಎಳವೆಯಲ್ಲೇ ತೀರಿಹೋಗಿದ್ದವು. ಗಂಡ ಹೆಂಡತಿ ಬೆತ್ಲೆಹೇಮಿನವರೆಗೆ ನಡೆದುಕೊಂಡೇ ಹೋಗಿ ಹೆಣ್ಣುಮಗುವಿಗಾಗಿ ಮಾತೆ ಮರಿಯಳಿಗೆ ಹರಕೆ ಹೊತ್ತರು. ಹರಕೆಯ ಕೂಸು ಇವಳು. ಆಮೇಲೆ ಒಬ್ಬ ತಮ್ಮ ಹುಟ್ಟಿದ, ಬುಲೋಸ್. 1848ರಲ್ಲಿ ಕೆಲವೇ ದಿನಗಳ ಅಂತರದಲ್ಲಿ ಅಪ್ಪ ಅವ್ವ ಇಬ್ಬರೂ ಹೋದರು. ಆಗ ಮರಿಯಂಗೆ ಮೂರು ವರ್ಷವೂ ತುಂಬಿರಲಿಲ್ಲ. ತಮ್ಮನನ್ನು ತಾಯಿಯ ಕಡೆಯವರು ಒಯ್ದರು, ಇವಳನ್ನು ಚಿಕ್ಕಪ್ಪ ಕರೆದುಕೊಂಡ. ಅಕ್ಕ ತಮ್ಮ ಬೇರೆ ಬೇರೆಯಾದರು.

ಚಿಕ್ಕಪ್ಪನ ಸಂಸಾರ ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ ಹೋಯಿತು. ಹದಿಮೂರು ತುಂಬುವ ಮೊದಲೇ ಮದುವೆ ಗೊತ್ತಾಯಿತು. ಹುಡುಗಿ ಒಲ್ಲೆನೆಂದು ತನ್ನ ಉದ್ದ ಕೂದಲನ್ನು ತಾನೇ ಕತ್ತರಿಸಿಕೊಂಡಳು. ಕೌಶಿಕನನ್ನು ಬಿಟ್ಟು ಹೊರಟ ಅಕ್ಕಮಹಾದೇವಿ ಕನ್ನಡದವರಿಗೆ ತಟ್ಟನೆ ನೆನಪಾಗುತ್ತಾಳೆ. ಆದರೆ ಅಕ್ಕ ಹೊರಟು ನಡೆದಳು. ಈ ಹುಡುಗಿಯನ್ನು ಮನೆಯವರು ಅಡುಗೆಮನೆಗೆ ತಳ್ಳಿ, ಆಳುಗಳ ಆಳಾಗಿ ದುಡಿಸಿದರು.

ದೂರದ ತಮ್ಮನಿಗೆ ಪತ್ರ ಮುಟ್ಟಿಸಬೇಕೆಂದು 1858ರ ಸೆಪ್ಟೆಂಬರಿನ ಒಂದು ಸಂಜೆ ಹಿಂದೆ ಮನೆಯಲ್ಲಿ ಕೆಲಸಕ್ಕಿದ್ದ ಒಬ್ಬನ ಬಳಿ ಹೋದಳು. ಮಾತು ಧರ್ಮ ಬದಲಿಸುವುದಕ್ಕೆ ತಿರುಗಿತು. ಇವಳು ಬಗ್ಗಲಿಲ್ಲ. ಸಿಟ್ಟಿನಲ್ಲಿ ಅವನು ಕತ್ತಿಯಿಂದ ಗಂಟಲು ಸೀಳಿ, ಸತ್ತಳೆಂದು ಓಣಿಯಲ್ಲಿ ಎಸೆದ. ಮುಂದಿನದನ್ನು ಮರಿಯಂ ಹೇಳಿಕೊಂಡದ್ದು ಹೀಗೆ: ನೀಲಿ ಬಟ್ಟೆಯ ಒಬ್ಬ ಸೋದರಿ ತನ್ನನ್ನು ಗವಿಯೊಂದಕ್ಕೆ ಒಯ್ದು ಗಾಯ ಹೊಲಿದಳು, ವಾರಗಟ್ಟಲೆ ಆರೈಕೆ ಮಾಡಿದಳು, ಒಂದು ದಿನ ಸಾರು ಕುಡಿಸಿದಳು. ಅದು ಮಾತೆ ಮರಿಯಳೇ ಎಂದು ಆಕೆ ನಂಬಿದ್ದಳು. ಆ ಸಾರಿನ ರುಚಿ ಬದುಕಿನುದ್ದಕ್ಕೂ ಅವಳ ನಾಲಗೆಯಿಂದ ಹೋಗಲಿಲ್ಲವಂತೆ. ಗಂಟಲ ಕಲೆ ಎಲ್ಲರಿಗೂ ಕಾಣುತ್ತಿತ್ತು, ದನಿ ಕಡೆಯವರೆಗೂ ಒಡಕಾಗಿಯೇ ಉಳಿಯಿತು. ಮುಂದೆ ಫ್ರಾನ್ಸಿನಲ್ಲಿ ಪರೀಕ್ಷಿಸಿದ ವೈದ್ಯರು ಶ್ವಾಸನಾಳದ ಕೆಲವು ಉಂಗುರಗಳೇ ಇಲ್ಲದಿರುವುದನ್ನು ಕಂಡರು.

ಆಮೇಲಿನದೆಲ್ಲ ಮನೆಗೆಲಸದ ವರ್ಷಗಳು: ಅಲೆಕ್ಸಾಂಡ್ರಿಯ, ಜೆರುಸಲೇಂ, ಬೈರೂತ್. 1863ರಲ್ಲಿ ಒಂದು ಕುಟುಂಬದ ಅಡುಗೆಯವಳಾಗಿ ಫ್ರಾನ್ಸಿನ ಮಾರ್ಸೇಯ್ ಬಂದರಿಗೆ. ಅಲ್ಲಿ ಸಂತ ಜೋಸೆಫರ ಹೆಸರಿನ ಒಂದು ಧರ್ಮಭಗಿನಿಯರ ಸಂಘಕ್ಕೆ 1865ರಲ್ಲಿ ಉಮೇದುವಾರಳಾಗಿ ಸೇರಿದಳು. ಆಗಲೇ ಅವಳ ಕೈಕಾಲುಗಳಲ್ಲಿ ಯೇಸುವಿನ ಶಿಲುಬೆಯ ಗಾಯಗಳಂಥ ಗುರುತುಗಳು ಮೂಡತೊಡಗಿದವು. ಕ್ಯಾಥೊಲಿಕರು ಪಂಚಗಾಯ ಅನ್ನುವುದು ಇದನ್ನೇ. ಅವಳು ಮೊದಲು ಅಂದುಕೊಂಡಿದ್ದು ತನಗೆ ಕುಷ್ಠ ಬಂತೆಂದು. ಮುಟ್ಟಬೇಡಿ, ನಿಮಗೂ ಹತ್ತೀತು ಎಂದು ಹಿರಿಯಳನ್ನು ದೂರ ಸರಿಸಿದಳಂತೆ. ನನಗೆ ಈ ಹೆದರಿಕೆಯ ಮೇಲೆ ಹೆಚ್ಚು ನಂಬಿಕೆ. ದೊಡ್ಡದೇನೋ ತನಗೆ ಆಯಿತೆಂದು ಅವಳಿಗೆ ಅನ್ನಿಸಲೇ ಇಲ್ಲ.

ಇಂಥವಳನ್ನು ಇಟ್ಟುಕೊಳ್ಳುವುದು ಹೇಗೆಂದು ಸಂಘ ಹಿಂದೆ ಸರಿಯಿತು. ಕೈ ಹಿಡಿದವಳು ಅಲ್ಲಿಯ ವೆರೋನಿಕಾ ಮಾತೆ. ಇಂಗ್ಲಿಷರ ಮಗಳು, ಹಿಂದೆ ಕಲ್ಲಿಕೋಟೆಯಲ್ಲಿ ಇದ್ದು ಬಂದವಳು. ಕರ್ನಾಟಕದ ಎಷ್ಟೋ ಹೆಣ್ಣುಮಕ್ಕಳು ಓದಿದ ಅಪೊಸ್ತಲಿಕ್ ಕಾರ್ಮೆಲ್ ಸೋದರಿಯರ ಶಾಲೆಗಳಿವೆಯಲ್ಲ, ಆ ಸಂಘವನ್ನು 1868ರಲ್ಲಿ ಕಟ್ಟಿದವಳೂ ಇವಳೇ. 1867ರ ಜೂನಿನಲ್ಲಿ ಮರಿಯಂಳನ್ನು ಜತೆಗಿಟ್ಟುಕೊಂಡು ಪೋ ಎಂಬ ಊರಿನ ಕಾರ್ಮೆಲ್ ಮಠಕ್ಕೆ ಹೋದಳು. ಮರಿಯಂಗೆ ಅಲ್ಲಿ ಹೊಸ ಹೆಸರು ಬಂತು: ಶಿಲುಬೆಗೇರಿದ ಯೇಸುವಿನ ಮರಿಯ. ಕಾರ್ಮೆಲ್ ಎಂಬುದು ಮೂಲದಲ್ಲಿ ಅವಳ ಹುಟ್ಟೂರಿಗೆ ಸಮೀಪದ ಹೈಫಾದ ಬೆಟ್ಟದ ಹೆಸರು. ಬಾಗಿಲ ಬಳಿಯ ಬೆಟ್ಟವನ್ನು ಸೇರಲು ಅವಳು ಕಡಲು ದಾಟಿ ಇಷ್ಟು ದೂರ ಬರಬೇಕಾಯಿತು.

ಮಠದೊಳಗೆ ಲ್ಯಾಟಿನ್ ಪ್ರಾರ್ಥನೆ ಓದುವ ಸೋದರಿಯರು ಬೇರೆ, ಅಡುಗೆ ಬಟ್ಟೆ ತೋಟ ನೋಡುವವರು ಬೇರೆ. ಮರಿಯಂಗೆ ಓದಲು ಬಾರದು, ಬರೆಯಲು ಬಾರದು. ಅವಳು ಬೇಡಿಕೊಂಡೇ ಎರಡನೆಯವರ ಸಾಲಿಗೆ ಹೋದಳು. ಅವಳ ಫ್ರೆಂಚೂ ಮುರುಕು. ಆ ಭಾಷೆಯಲ್ಲಿಯೂ ನಮ್ಮ ಹಾಗೆ ‘ನೀನು’ ಬೇರೆ ‘ನೀವು’ ಬೇರೆ. ಮರಿಯಂ ಮಠದ ಮುಖ್ಯಸ್ಥೆಗೂ ಪಾದ್ರಿಗೂ ‘ನೀನು’ ಅಂದೇ ಮಾತಾಡುತ್ತಿದ್ದಳು. ಇದನ್ನು ಓದಿದ ದಿನ ನಾನು ಪುಸ್ತಕ ಮಡಚಿ ಅವ್ವನನ್ನು ನೋಡಿದೆ. ಅವಳು ಟಿವಿಯಲ್ಲಿ ಮುಖ್ಯಮಂತ್ರಿಗೆ ‘ನೀ ಒಮ್ಮಿ ನಮ್ಮ ಕಡಿ ಬಂದು ನೋಡಪಾ’ ಅನ್ನುತ್ತಿದ್ದಳು.

ಒಳಗಣ್ಣು ಅನ್ನುತ್ತೇವಲ್ಲ, ಅದಕ್ಕೂ ಈ ‘ನೀ’ಗೂ ನಂಟಿದೆ ಎಂದು ನನ್ನ ತಿಳಿವಳಿಕೆ. ಎದುರಿಗಿರುವವರು ದೊಡ್ಡವರೋ ಸಣ್ಣವರೋ ಎಂಬ ಲೆಕ್ಕ ಇಲ್ಲದವಳಿಗೆ ಆ ಮನುಷ್ಯ ಬೇಗ ಕಾಣುತ್ತಾನೆ. ಮರಿಯಂ ಬಗ್ಗೆ ಸೋದರಿಯರು ಬರೆದಿಟ್ಟಿದ್ದರಲ್ಲಿ ಮತ್ತೆ ಮತ್ತೆ ಬರುವುದು ಇದು: ಯಾರೂ ಹೇಳದ ದುಃಖ ಅವಳಿಗೆ ತಿಳಿಯುತ್ತಿತ್ತು, ಮನಸ್ಸಿನೊಳಗಿನ ಗಂಟು ಎಲ್ಲಿದೆ ಎಂದು ನೇರ ಹೇಳಿಬಿಡುತ್ತಿದ್ದಳು. ಕ್ಯಾಥೊಲಿಕರು ಇದನ್ನು ಹೃದಯ ಓದುವ ವರ ಅನ್ನುತ್ತಾರೆ. ಕೆಲಸದ ನಡುವೆ ಮೈಮರೆತು ಪರವಶಳಾಗುತ್ತಿದ್ದಳು, ಆಗ ಆಡಿದ ಮಾತುಗಳನ್ನು ಹತ್ತಿರವಿದ್ದವರು ಬರೆದುಕೊಂಡರು. ತಾನೇ ಬರೆಯಲಾರದವಳ ಕಾವ್ಯ ಉಳಿದದ್ದು ಹಾಗೆ. ಎಚ್ಚರವಾದ ಮೇಲೆ ಆದದ್ದರ ನೆನಪು ಅವಳಿಗೆ ಇರುತ್ತಿರಲಿಲ್ಲ, ಮಧ್ಯ ನಿದ್ದೆಹೋದೆನೆಂದು ನಾಚುತ್ತಿದ್ದಳು. ತನ್ನನ್ನು ತಾನು ಕರೆದುಕೊಂಡದ್ದು ‘ಏನೂ ಅಲ್ಲದ ಪುಟ್ಟದು’ ಎಂದು.

ನಮ್ಮ ಕಡೆಯವರಿಗೆ ಇದು ಹೊರಗಿನ ಮಾತೇನಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಬಂದದ್ದು ಒಂದೇ ಸಾಲು, ಅದರಲ್ಲಿ ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಹುಡುಕುತ್ತೇವೆ. ಕಾರಣಿಕ ಊರಿಗೆಲ್ಲ ನುಡಿದದ್ದು, ಮರಿಯಂ ನುಡಿದದ್ದು ಹೆಚ್ಚಾಗಿ ಎದುರಿಗಿದ್ದ ಒಬ್ಬರಿಗೆ. ಅದನ್ನು ಕೇಳಿಸಿಕೊಳ್ಳುವುದು ಇನ್ನೂ ಕಷ್ಟ. ಊರಿನ ಬಗ್ಗೆ ಹೇಳಿದರೆ ಮೆಚ್ಚುವವರು ತಮ್ಮೊಳಗಿನದನ್ನು ಹೇಳಿದಾಗ ಮುನಿಯುತ್ತಾರೆ.

1870ರ ಆಗಸ್ಟ್ 21ರಂದು ಪೋ ಮಠದ ಕೆಲವು ಸೋದರಿಯರು ಹೊಸ ಮಠ ಆರಂಭಿಸಲು ಮಂಗಳೂರಿಗೆ ಹೊರಟರು, ಮರಿಯಂ ಕೂಡ ಅವರೊಡನಿದ್ದಳು. ಕರೆಸಿಕೊಂಡವರು ಅಲ್ಲಿಯ ಧರ್ಮಾಧ್ಯಕ್ಷ ಮರಿ ಎಫ್ರೆಂ, ಅವರೂ ಕಾರ್ಮೆಲ್ ಪರಂಪರೆಯವರೇ. ಮಂಗಳೂರು ಮುಟ್ಟುವ ಮೊದಲೇ ಮೂವರು ಸೋದರಿಯರು ತೀರಿಕೊಂಡರು. ಮತ್ತೆ ಫ್ರಾನ್ಸಿನಿಂದ ಜನ ಬರಬೇಕಾಯಿತು. ಆ ವರ್ಷದ ಕೊನೆಯಲ್ಲಿ ಮಠದ ಬಾಗಿಲು ಮುಚ್ಚಿ ಏಕಾಂತ ಜೀವನ ಶುರುವಾಯಿತು. ಆಗ ಮಂಗಳೂರೂ ನಮ್ಮ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಸಂಡೂರು ಮಾತ್ರ ಘೋರ್ಪಡೆಯವರ ಸಂಸ್ಥಾನ.

ಮಂಗಳೂರಿಗೂ ಹಂಪಿಗೂ ದಾರಿ ಹಳೆಯದು. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಕಡಲ ಮೇಲೆ ಮಂಗಳೂರಿಗೆ ಬಂದು, ಘಟ್ಟ ಹತ್ತಿ ವಿಜಯನಗರ ತಲುಪಿದ್ದ. ಪಡುವಣ ಬಂದರುಗಳಲ್ಲಿ ಇಳಿದ ಅರಬ್ಬಿ ಕುದುರೆಗಳೂ ಘಟ್ಟ ಹತ್ತಿಯೇ ಬಂದವು. ಮಂಗಳೂರಿಂದ ವಾಪಸಾಗುವ ರಾತ್ರಿ ಘಟ್ಟದ ತಿರುವುಗಳಲ್ಲಿ ನಿದ್ದೆ ಬಾರದೆ ನಾನು ಇದನ್ನೇ ಯೋಚಿಸುತ್ತಿದ್ದೆ. ಅರಬ್ಬಿ ಮಾತಾಡುವ ಎಷ್ಟೋ ಜನ ಈ ದಾರಿಯಲ್ಲಿ ಹಂಪಿ ನೋಡಲು ಬಂದರು. ಅರಬ್ಬಿ ಮಾತಾಡುವ ಈ ಹೆಣ್ಣುಮಗಳು ಮಂಗಳೂರಿಗೆ ಬಂದೂ ನಾಲ್ಕು ಗೋಡೆಯಾಚೆ ಏನನ್ನೂ ನೋಡಲಿಲ್ಲ.

ಅಲ್ಲಿ ಅವಳ ಪಾಲಿಗೆ ಬಂದದ್ದು ಮಠದ ಕಷ್ಟದ ಕೆಲಸಗಳು. ಅಡುಗೆಮನೆಯಲ್ಲಿ ನಿಂತಾಗ ಅವಳ ಮುಖ ಬೆಳಗಿದ್ದನ್ನು ಕಂಡವರಿದ್ದರು. ದೂರದ ಚೀನಾದಲ್ಲಿ ಕ್ರೈಸ್ತರಿಗಾಗುತ್ತಿದ್ದ ಹಿಂಸೆ ಅವಳಿಗೆ ಕಣ್ಣೆದುರು ನಡೆದಂತೆ ಕಾಣುತ್ತಿತ್ತು. ಹಾಗೆಯೇ ಕೆಲವೊಮ್ಮೆ ಮೈಮೇಲೆ ಕೆಟ್ಟದ್ದು ಬಂದಂತೆ ನರಳುತ್ತಿದ್ದಳು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ಕೊನೆಯವರೆಗಿನ ವ್ರತ ತೊಟ್ಟಳು. ಅಷ್ಟರಲ್ಲಿ ಸಂಶಯ ಬೇರು ಬಿಟ್ಟಿತ್ತು. ಇದು ದೇವರದೋ, ಸೈತಾನನದೋ, ಇವಳದೇ ನಟನೆಯೋ? ಮೊದಲು ನಂಬಿದ್ದ ಧರ್ಮಾಧ್ಯಕ್ಷರೂ ನಂಬಿಕೆ ಕಳೆದುಕೊಂಡರು. 1872ರಲ್ಲಿ ಅವಳನ್ನು ಹಡಗು ಹತ್ತಿಸಿ ಫ್ರಾನ್ಸಿಗೆ ಕಳಿಸಿದರು.

ಸಂಶಯ ಪಟ್ಟವರನ್ನು ಬೈಯುವುದು ಸುಲಭ. ನಾನೂ ಮೊದಲು ಬೈದುಕೊಂಡೆ. ಓದುತ್ತ ಹೋದಂತೆ ತಿಳಿಯಿತು, ಸಂಶಯಿಸುವುದೂ ಆ ಪರಂಪರೆಯ ಸಾಧನೆಯೇ. ಕಾರ್ಮೆಲಿನ ದೊಡ್ಡ ಗುರುಗಳಲ್ಲೊಬ್ಬ, 16ನೇ ಶತಮಾನದ ಶಿಲುಬೆಯ ಸಂತ ಯೊವಾನ್ನ, ದರ್ಶನಗಳಿಗೆ ಜೋತುಬೀಳಬೇಡಿ ಎಂದು ಕಲಿಸಿದವನು. ಕಂಡದ್ದು ನಿಜವೇ ಇರಬಹುದು, ಅದನ್ನು ಹಿಡಿದುಕೊಂಡರೆ ದಾರಿ ತಪ್ಪುತ್ತದೆ ಎಂಬುದು ಅವನ ಎಚ್ಚರಿಕೆ. ಹಾಗಾದರೆ ಪರೀಕ್ಷೆ ಯಾವುದು? ಕಂಡವಳು ವಿನಯ ಬಿಟ್ಟಳೇ, ಹೇಳಿದ ಮಾತು ಕೇಳುತ್ತಾಳೆಯೇ, ಅವಳಿಂದ ಸುತ್ತಲಿನವರಲ್ಲಿ ಪ್ರೀತಿ ಹೆಚ್ಚಿತೇ, ಇಷ್ಟನ್ನೇ ನೋಡುತ್ತಾರೆ. ನೋವಾಗುವುದು ಬೇರೆಯದಕ್ಕೆ. ಓದಿದವಳಿಗೆ, ಒಳ್ಳೆಯ ಮನೆತನದವಳಿಗೆ ಇದೇ ಆಗಿದ್ದರೆ ಅಷ್ಟು ಬೇಗ ಹಡಗು ಹತ್ತಿಸುತ್ತಿದ್ದರೇ? ಅವ್ವನ ಕ್ಯಾಂಟೀನಿನಲ್ಲಿ ಒಮ್ಮೆ ಎಣ್ಣೆಡಬ್ಬಿ ಕಳುವಾದಾಗ ಮೊದಲು ಬಿಚ್ಚಿಸಿದ್ದು ಅವಳ ಬುತ್ತಿಗಂಟನ್ನು. ಮರುದಿನ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಅದೇ ಒಲೆಗೆ ಹೋದಳು. ಮರಿಯಂ ಪೋ ಮಠಕ್ಕೆ ಮರಳಿ ಮೊದಲಿನಂತೆ ಅಡುಗೆ, ತೋಟ, ಬಟ್ಟೆಯ ಕೆಲಸ ಹಿಡಿದಳು ಎಂದು ಓದಿದಾಗ ನನಗೆ ಆ ಬೆಳಗಿನ ಕತ್ತಲು ನೆನಪಾಯಿತು.

ಪೋ ಮಠದ ತೋಟದ ಘಟನೆ ಪ್ರಸಿದ್ಧ. 1873ರ ಜೂನ್ 22ರಂದು ಅವಳು ಲಿಂಡೆನ್ ಮರದ ತುದಿಯಲ್ಲಿ, ಹಕ್ಕಿ ಕೂರುವಂಥ ಸಣ್ಣ ರೆಂಬೆಗಳ ಮೇಲೆ ಕಂಡಳೆಂದು ಸೋದರಿಯರು ದಾಖಲಿಸಿದ್ದಾರೆ. ಮುಂದಿನ ವರ್ಷದ ಜುಲೈವರೆಗೆ ಹೀಗೆ ಎಂಟು ಸಲವಾಯಿತಂತೆ. ಜನಕ್ಕೆ ಮರ ಏರಿದ್ದು ಬೆರಗು. ಮಠದವರು ಗಮನಿಸಿದ್ದು ಇಳಿದದ್ದನ್ನು. ‘ಇಳಿದು ಬಾ’ ಎಂದು ಮುಖ್ಯಸ್ಥೆ ಅಂದ ಕ್ಷಣ, ಪರವಶತೆಯ ನಡುವೆಯೇ, ಇಳಿದು ಬಂದಳು. ಮಂಗಳೂರಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ಇಳಿಯುವಿಕೆಯಲ್ಲಿ.

1875ರಲ್ಲಿ ಅವಳು ಹುಟ್ಟುನಾಡಿಗೆ ಹಿಂದಿರುಗಿದಳು, ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಕಟ್ಟಲು. ಅವಳ ಅಪ್ಪ ಅವ್ವ ಹರಕೆ ಹೊತ್ತ ಊರು ಅದು. ಗುಂಪಿನಲ್ಲಿ ಅರಬ್ಬಿ ಬಲ್ಲವಳು ಅವಳೊಬ್ಬಳೇ. ಹಾಗಾಗಿ ಕಲ್ಲಿನವರು, ಸುಣ್ಣದವರು, ಕೂಲಿಯವರ ಉಸ್ತುವಾರಿಯೆಲ್ಲ ಅವಳ ಮೇಲೆ ಬಿತ್ತು. ಅಡುಗೆಮನೆಯಲ್ಲಿ ಕಲಿತದ್ದು ಅಲ್ಲಿ ಕೆಲಸಕ್ಕೆ ಬಂತೆಂದು ನನ್ನ ಊಹೆ: ಯಾರು ದಣಿದಿದ್ದಾರೆ, ಯಾರು ಸುಳ್ಳು ಲೆಕ್ಕ ಹೇಳುತ್ತಾರೆ, ಯಾರ ಮನೆಯಲ್ಲಿ ಕಾಯಿಲೆಯಿದೆ ಎಂದು ಅವಳಿಗೆ ಬೇಗ ತಿಳಿದಿರಬೇಕು. ನಜರೇತಿನಲ್ಲಿಯೂ ಮಠಕ್ಕೆ ಜಾಗ ನೋಡಿ ಬಂದಳು.

ಅದೇ ವರ್ಷಗಳಲ್ಲಿ ನಮ್ಮ ಸೀಮೆಯನ್ನು ಧಾತು ಈಶ್ವರ ಸಂವತ್ಸರಗಳ ಬರ ತಿಂದುಹಾಕುತ್ತಿತ್ತು. 1876ರಿಂದ 1878ರವರೆಗಿನ ಆ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ಬೆಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಬರದ ಹಾಡು ಅವ್ವನ ಅವ್ವನಿಗೆ ಬರುತ್ತಿತ್ತಂತೆ. ಅತ್ತ ಬೆತ್ಲೆಹೇಮಿನ ಬಿಸಿಲಲ್ಲಿ 1878ರ ಆಗಸ್ಟ್ ತಿಂಗಳು. ಮರಿಯಂ ಕೆಲಸಗಾರರಿಗೆ ಕುಡಿಯುವ ನೀರು ಹೊತ್ತುಕೊಂಡು ಹೋಗುವಾಗ ಎಡವಿ ಬಿದ್ದಳು. ತೋಳಿನ ಮೂಳೆ ಮುರಿಯಿತು, ಗಾಯ ಕೊಳೆತು ನಂಜೇರಿತು. ಕೆಲವೇ ದಿನಗಳಲ್ಲಿ, ಆಗಸ್ಟ್ 26ರಂದು, ತೀರಿಕೊಂಡಳು. ವಯಸ್ಸು 32.

ಧರ್ಮಸಭೆ ಅವಸರ ಪಡಲಿಲ್ಲ. ಕ್ಯಾಥೊಲಿಕರಲ್ಲಿ ಸಂತಪದವಿಗೆ ಮೆಟ್ಟಿಲುಗಳಿವೆ. ಸತ್ತವರ ಬದುಕು, ಮಾತು, ಬರಹ ಎಲ್ಲವನ್ನೂ ಸಾಕ್ಷಿ ಸಮೇತ ಜಾಲಾಡುತ್ತಾರೆ. ಮರ ಏರಿದ್ದಕ್ಕೆ, ಗಾಯ ಮೂಡಿದ್ದಕ್ಕೆ ಪದವಿ ಬರುವುದಿಲ್ಲ. ನಂಬಿಕೆ, ಭರವಸೆ, ಪ್ರೀತಿಯನ್ನು ಎಷ್ಟು ಗಟ್ಟಿಯಾಗಿ ಬಾಳಿದರು ಎಂಬುದು ಮುಖ್ಯ. 1983ರ ನವೆಂಬರ್ 13ರಂದು ಎರಡನೇ ಜಾನ್ ಪಾಲ್ ಪೋಪರು ಮರಿಯಂಳನ್ನು ಧನ್ಯೆ ಎಂದು ಸಾರಿದರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ರೋಮಿನಲ್ಲಿ ಅವಳನ್ನು ಸಂತೆಯೆಂದು ಘೋಷಿಸಿದಾಗ ಪ್ಯಾಲೆಸ್ತೀನಿನ ಅಧ್ಯಕ್ಷ ಮಹಮೂದ್ ಅಬ್ಬಾಸ್ ಕೂಡ ಅಲ್ಲಿದ್ದರು. ಮಂಗಳೂರಿನಿಂದ ಹಡಗು ಹತ್ತಿಸಿ 143 ವರ್ಷವಾಗಿತ್ತು.

ಹೋದ ಕಾರ್ತಿಕದಲ್ಲಿ ಅವ್ವನನ್ನು ಆನೆಗೊಂದಿ ಕಡೆ ಪಂಪಾಸರೋವರಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಶಬರಿಯದೆಂದು ತೋರಿಸುವ ಗವಿಯಿದೆ. ಮತಂಗ ಮುನಿಯ ಆಶ್ರಮದಲ್ಲಿ ಕಸ ಗುಡಿಸಿ, ನೀರು ತಂದು, ರಾಮ ಬರುತ್ತಾನೆಂದು ಕಾದ ಬೇಡರ ಹೆಣ್ಣುಮಗಳು. ವೇದ ಓದಿದ ಮುನಿಗಳು ಅಷ್ಟು ಜನ ಇರುವಾಗ ರಾಮ ಅವಳ ಗುಡಿಸಲಿಗೇ ಬಂದ ಎಂದು ಅವ್ವ ನನಗೆ ಚಿಕ್ಕಂದಿನಲ್ಲಿ ನೂರು ಸಲ ಹೇಳಿದ್ದಳು. ಅವತ್ತು ಕೊಳದ ಮೆಟ್ಟಿಲ ಮೇಲೆ ಕೂತು ನಾನು ಅವಳಿಗೆ ಮರಿಯಂ ಕಥೆ ಹೇಳಿದೆ. ಗಂಟಲು ಸೀಳಿದ್ದು, ಸಾರು ಕುಡಿಸಿದ್ದು, ಮಂಗಳೂರು, ಮರ, ಎಲ್ಲ. ಅವ್ವ ಚೀಲದಿಂದ ಕಡಲೆ ತೆಗೆದು ಸಿಪ್ಪೆ ಸುಲಿಯುತ್ತ ಕೇಳುತ್ತಿದ್ದಳು. ಮರದ ತುದಿ ಹತ್ತಿದ್ದಕ್ಕೆ ಅವಳು ತಲೆ ಎತ್ತಲೂ ಇಲ್ಲ. ಸಾರಿನ ಮಾತು ಬಂದಾಗ ಮಾತ್ರ ‘ಹುಂ, ಹಸಿದಾಗ ಕೊಟ್ಟಿದ್ದು ಮರಿಯಂಗಿಲ್ಲ’ ಅಂದಳು.

ಕೊನೆಗೆ ನೀರು ಹೊತ್ತು ಬಿದ್ದದ್ದನ್ನು, ತೋಳು ಮುರಿದದ್ದನ್ನು, ನಾಲ್ಕು ದಿನಕ್ಕೇ ಹೋದದ್ದನ್ನು ಹೇಳಿದೆ. ಅವ್ವನ ಕೈ ನಿಂತಿತು. ಕೊಳದ ಕಡೆ ಸ್ವಲ್ಪ ಹೊತ್ತು ನೋಡಿ ಕೇಳಿದಳು:

‘ಮತ್ತ ಆ ಕೂಲಿ ಮಂದಿಗೆ ನೀರು ಯಾರು ಕೊಟ್ರು?’